ಮುಂಜಾನೆಯ ಪಾಠ: ಪಂಡಿತಾ ರಮಾಬಾಯಿಯವರ ಕಷ್ಟ, ನಿಯಮ ಮತ್ತು ನಂಬಿಕೆ

 

ಬೂದಿ ಬುಧವಾರದಿಂದ ಈಸ್ಟರ್ ಹಬ್ಬದವರೆಗಿನ ಕಾಲ ಕ್ರೈಸ್ತ ಬಾಂಧವರಿಗೆ ವ್ರತದ ಕಾಲ. ಭಾನುವಾರಗಳನ್ನು ಬಿಟ್ಟು ಲೆಕ್ಕ ಹಾಕಿದರೆ 40 ದಿನ. ಕೆಲವರು ಮಾಂಸಾಹಾರ ಬಿಡುತ್ತಾರೆ, ಕೆಲವರು ಒಪ್ಪೊತ್ತು ಮಾಡುತ್ತಾರೆ, ಇನ್ನು ಕೆಲವರು ದಿನಕ್ಕೊಂದು ಅಧ್ಯಾಯ ಬೈಬಲ್ ಓದುವ ನಿಯಮ ಇಟ್ಟುಕೊಳ್ಳುತ್ತಾರೆ. ಶ್ರಾವಣ, ಕಾರ್ತಿಕ, ರಂಜಾನ್, ಪರ್ಯೂಷಣ ಎಂದು ವ್ರತದ ದಿನಗಳನ್ನು ಬಲ್ಲ ನಮ್ಮೆಲ್ಲರಿಗೂ ಇದು ಅರ್ಥವಾಗುವ ಸಂಗತಿಯೇ.

ಈ ಸಂದರ್ಭದಲ್ಲಿ ನಮ್ಮ ಕೇಳುಗರಾದ ತಾಯಿಯೊಬ್ಬರು ಒಂದು ಪತ್ರ ಬರೆದಿದ್ದಾರೆ. ಮನೆಯಲ್ಲಿ ಕಾಯಿಲೆ, ಕೈಯಲ್ಲಿ ಹಣವಿಲ್ಲ, ಊರು ದೂರ. “ಕಷ್ಟ ಬಂದರೆ ನಂಬಿಕೆ ಬೆಳೆಯುತ್ತದೆ ಅಂತ ಚರ್ಚಿನಲ್ಲಿ ಹೇಳುತ್ತಾರೆ. ಆದರೆ ನನ್ನ ನಂಬಿಕೆ ದಿನದಿಂದ ದಿನಕ್ಕೆ ಕುಗ್ಗುತ್ತಿದೆ. ಪ್ರಾರ್ಥನೆಗೆ ಕೂತರೆ ಮನಸ್ಸು ನಿಲ್ಲುವುದಿಲ್ಲ. ತಪ್ಪು ನನ್ನದೇನಾ?” ಎಂದು ಕೇಳಿದ್ದಾರೆ. ಇದು ಆ ತಾಯಿಯೊಬ್ಬರ ಪ್ರಶ್ನೆಯಲ್ಲ. ಯಾವ ದೇವರನ್ನು ನಂಬಿದವರೇ ಆಗಲಿ, ಒಂದಲ್ಲ ಒಂದು ರಾತ್ರಿ ಈ ಪ್ರಶ್ನೆ ಕೇಳಿಕೊಂಡವರೇ. ಹಾಗಾಗಿ ಇವತ್ತಿನ ಮಾತು ಇದರ ಮೇಲೆಯೇ ಇರಲಿ ಅನ್ನಿಸಿತು.

ಬೈಬಲ್ಲಿನಲ್ಲಿ ರೋಮಾಪುರದವರಿಗೆ ಬರೆದ ಪತ್ರಿಕೆ ಎಂಬ ಭಾಗವಿದೆ. ಅದರ 5ನೇ ಅಧ್ಯಾಯದಲ್ಲಿ ಸಂತ ಪೌಲ ಒಂದು ಸರಪಳಿಯನ್ನು ಹೇಳುತ್ತಾನೆ. ಸಂಕಟದಿಂದ ತಾಳ್ಮೆ, ತಾಳ್ಮೆಯಿಂದ ಪಕ್ವವಾದ ನಡತೆ, ಅದರಿಂದ ಭರವಸೆ ಎಂಬುದು ಅದರ ಸಾರಾಂಶ. ನಾವು ಸಾಮಾನ್ಯವಾಗಿ ಇದರ ಮೊದಲ ಕೊಂಡಿಯನ್ನೂ ಕೊನೆಯ ಕೊಂಡಿಯನ್ನೂ ಹಿಡಿದುಕೊಂಡು ನಡುವಿನದನ್ನು ಬಿಟ್ಟುಬಿಡುತ್ತೇವೆ. ಕಷ್ಟ ಬಂತು, ಇನ್ನು ನಂಬಿಕೆ ಬೆಳೆಯಲೇಬೇಕು ಎಂದುಕೊಳ್ಳುತ್ತೇವೆ. ಆದರೆ ಕಷ್ಟ ತಾನಾಗಿಯೇ ಯಾರನ್ನೂ ಬೆಳೆಸುವುದಿಲ್ಲ. ಅದೇ ಕಷ್ಟದಿಂದ ಮನಸ್ಸು ಕಹಿಯಾದವರನ್ನು ನಾವು ಕಂಡಿಲ್ಲವೇ? ನಡುವೆ ಇರುವ ಆ ತಾಳ್ಮೆಗೆ ಅಭ್ಯಾಸ ಬೇಕು. ಅದು ಒಂದು ದಿನದಲ್ಲಿ ಬರುವುದೂ ಅಲ್ಲ, ಭಾಷಣ ಕೇಳಿ ಬರುವುದೂ ಅಲ್ಲ.

ಇದಕ್ಕೆ ಉದಾಹರಣೆಯಾಗಿ ನಮ್ಮ ನಾಡಿನಲ್ಲೇ ಹುಟ್ಟಿ ಮಹಾರಾಷ್ಟ್ರದಲ್ಲಿ ಬಾಳಿದ ಒಬ್ಬ ಹೆಣ್ಣುಮಗಳ ಬದುಕನ್ನು ನಿಮ್ಮ ಮುಂದಿಡುತ್ತೇನೆ. ಪಂಡಿತಾ ರಮಾಬಾಯಿ. ಬೆಂಗಳೂರಿನಿಂದ ಮುಂಬಯಿಗೆ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಓಡಾಡುವ ಕೇಳುಗರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ. ಆ ದಾರಿಯಲ್ಲಿ ಕಲಬುರಗಿ ಬರುತ್ತದೆ. ಆಮೇಲೆ ಸೋಲಾಪುರ ದಾಟಿ, ದೌಂಡ್ ಜಂಕ್ಷನ್ ದಾಟಿ, ಪುಣೆ ಬರುವ ಮುಂಚೆ ಕೇಡಗಾಂವ್ ಎಂಬ ಸಣ್ಣ ಸ್ಟೇಷನ್ ಹಿಂದೆ ಸರಿಯುತ್ತದೆ. ಈ ಎರಡೂ ಊರುಗಳಿಗೆ ರಮಾಬಾಯಿಯವರ ನಂಟು ಇದೆ. ಅದನ್ನು ಮುಂದೆ ಹೇಳುತ್ತೇನೆ.

ರಮಾಬಾಯಿ ಹುಟ್ಟಿದ್ದು 1858ರ ಏಪ್ರಿಲ್ 23ರಂದು, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಜಾಗ ಅದು. ತಂದೆ ಅನಂತಶಾಸ್ತ್ರಿ ಡೋಂಗ್ರೆ, ಕಾರ್ಕಳ ಸೀಮೆಯ ಮಾಳದ ಕಡೆಯ ಚಿತ್ಪಾವನ ಬ್ರಾಹ್ಮಣರು, ದೊಡ್ಡ ಸಂಸ್ಕೃತ ಪಂಡಿತರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು ಎಂಬ ಕಾರಣಕ್ಕೆ ಅವರು ತಮ್ಮವರ ವಿರೋಧ ಕಟ್ಟಿಕೊಂಡವರು. ಹೆಂಗಸರು ಸಂಸ್ಕೃತ ಓದಬಾರದೆಂದು ಯಾವ ಶಾಸ್ತ್ರದಲ್ಲಿದೆ ಎಂದು ಉಡುಪಿಯಲ್ಲಿ ಪಂಡಿತರ ಮುಂದೆ ವಾದಕ್ಕೆ ನಿಂತವರು. ಕೊನೆಗೆ ಕಾಡಿನಲ್ಲಿ ಆಶ್ರಮ ಕಟ್ಟಿಕೊಂಡು ಶಿಷ್ಯರಿಗೆ ಪಾಠ ಹೇಳುತ್ತಿದ್ದರು. ಬಂದವರಿಗೆಲ್ಲ ಅನ್ನ ಹಾಕಿ ಸಾಲವಾಯಿತು. ಮಗುವಿಗೆ ಆರು ತಿಂಗಳಾಗಿದ್ದಾಗ ಮನೆ ಬಿಟ್ಟು ಯಾತ್ರೆ ಹೊರಟರು. ಮಗುವನ್ನು ಬೆತ್ತದ ಬುಟ್ಟಿಯಲ್ಲಿ ಮಲಗಿಸಿ, ಆಳು ತಲೆಯ ಮೇಲೆ ಹೊತ್ತು ಘಟ್ಟ ಇಳಿದನಂತೆ.

ಆಮೇಲೆ ಆ ಮನೆತನಕ್ಕೆ ಮನೆ ಎಂಬುದೇ ಇರಲಿಲ್ಲ. ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯುವುದು, ದೇವಸ್ಥಾನದಲ್ಲಿ ಕೂತು ಪುರಾಣ ಓದುವುದು, ಕೇಳಿದವರು ಕೊಟ್ಟದ್ದರಲ್ಲಿ ಜೀವನ. ಇಂಥ ಅಲೆದಾಟದಲ್ಲೂ ಒಂದು ವಿಷಯ ಮಾತ್ರ ತಪ್ಪಲಿಲ್ಲ. ತಂದೆಗೆ ವಯಸ್ಸಾಗಿತ್ತು, ಕಣ್ಣು ಮಂದವಾಗುತ್ತಿತ್ತು. ಹಾಗಾಗಿ ಮಗಳಿಗೆ ಪಾಠ ಹೇಳುವ ಹೊಣೆ ತಾಯಿಯದಾಯಿತು. ಹಗಲಿಡೀ ಕೆಲಸ. ಬಿಡುವು ಸಿಗುತ್ತಿದ್ದದ್ದು ಬೆಳಕು ಹರಿಯುವ ಮುಂಚೆ ಮಾತ್ರ. ನಿದ್ದೆಗಣ್ಣಿನ ಮಗುವನ್ನು ಮುದ್ದಿನ ಮಾತಾಡಿ ಎಬ್ಬಿಸಿ, ತೊಡೆಯ ಮೇಲೆ ಕೂರಿಸಿಕೊಂಡು, ಹಕ್ಕಿಗಳ ದನಿ ಕೇಳುವ ಹೊತ್ತಿನಲ್ಲಿ ಒಂದೊಂದೇ ಶ್ಲೋಕ ಹೇಳಿಕೊಡುತ್ತಿದ್ದರು. ಪುಸ್ತಕವಿಲ್ಲ, ಹಲಗೆಯಿಲ್ಲ. ತಾಯಿ ಹೇಳಬೇಕು, ಮಗಳು ಹೇಳಬೇಕು. ಹೀಗೆ ದಿನಾ ಸ್ವಲ್ಪ ಸ್ವಲ್ಪ ಕಲಿತು ಭಾಗವತದ 18,000 ಶ್ಲೋಕಗಳೂ ರಮಾಬಾಯಿಯವರಿಗೆ ಬಾಯಿಪಾಠವಾಗಿದ್ದವು ಎಂದು ಪ್ರಸಿದ್ಧಿ. ಊರೂರು ಸುತ್ತುತ್ತಾ ಮರಾಠಿಯ ಜೊತೆಗೆ ಕನ್ನಡ, ಹಿಂದಿ, ಬಂಗಾಳಿ ಭಾಷೆಗಳೂ ಬಂದವು.

ಈ ಮುಂಜಾನೆಯ ಪಾಠವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಅದು ಹಿಂದೂ ಮನೆಯೊಂದರಲ್ಲಿ ನಡೆದ ಸಂಸ್ಕೃತ ಪಾಠ. ಆದರೆ ಮುಂದೆ ರಮಾಬಾಯಿಯವರ ಕ್ರೈಸ್ತ ಬದುಕಿಗೂ ಇದೇ ತಳಪಾಯವಾಯಿತು.

1870ರ ದಶಕದಲ್ಲಿ ದಕ್ಷಿಣದಲ್ಲಿ ಬರ ಬಂತು. ಪುರಾಣ ಕೇಳುವವರು ಯಾರು, ಕೊಡುವವರು ಯಾರು? ಮೊದಲು ಒಡವೆ ಹೋಯಿತು, ಬೆಳ್ಳಿ ಹೋಯಿತು, ಆಮೇಲೆ ತಾಮ್ರ ಹಿತ್ತಾಳೆಯ ಪಾತ್ರೆಗಳೂ ಹೋದವು. ಇದ್ದ ಹಣವನ್ನೆಲ್ಲ ದಾನಕ್ಕೂ ವ್ರತಕ್ಕೂ ಹಾಕಿದರು. ಮೈಮುರಿದು ಕೂಲಿ ಮಾಡಿ ಗೊತ್ತಿಲ್ಲ, ಬೇಡಲು ಮಾನ ಬಿಡದು. ಕೊನೆಗೆ ಕಾಡು ಸೇರಿ ಹನ್ನೊಂದು ದಿನ ನೀರು, ಎಲೆ, ಒಂದಿಷ್ಟು ಈಚಲು ಹಣ್ಣು ತಿಂದು ಕಳೆದರು. ಮೊದಲು ತಂದೆ ತೀರಿಕೊಂಡರು. ಕೆಲವೇ ವಾರಗಳಲ್ಲಿ ತಾಯಿ. ಆಮೇಲೆ ಅಕ್ಕ. ತಾಯಿಯ ಹೆಣ ಹೊರಲು ಜನ ಸಿಗಲಿಲ್ಲ. ಕಡೆಗೆ ಇಬ್ಬರು ಬ್ರಾಹ್ಮಣರು ಮನಸ್ಸು ಮಾಡಿದರು. ಮೂರನೆಯವನು ಅಣ್ಣ ಶ್ರೀನಿವಾಸ. ನಾಲ್ಕನೆಯ ಹೆಗಲು ರಮಾಬಾಯಿಯದು. ಎತ್ತರ ಸಾಲದ ಕಾರಣ ಹೆಗಲಿನ ಬದಲು ತಲೆಯ ಮೇಲೆ ಹೊತ್ತು ಸ್ಮಶಾನದವರೆಗೆ ನಡೆದರು. ಹದಿಹರೆಯದ ಹುಡುಗಿ ಆಗ.

ಕೇಳುಗರೇ, ಈ ಕಷ್ಟ ರಮಾಬಾಯಿಯವರ ನಂಬಿಕೆಯನ್ನು ಬೆಳೆಸಲಿಲ್ಲ, ಅಳಿಸಿತು. ಶಾಸ್ತ್ರದಲ್ಲಿ ಹೇಳಿದ್ದೆಲ್ಲ ಮಾಡಿದೆವು, ಫಲ ಕಾಣಲಿಲ್ಲ ಎಂದು ಮುಂದೆ ಅವರೇ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾರೆ. ಅಣ್ಣ ತಂಗಿ ಇಬ್ಬರೂ ಕಾಲ್ನಡಿಗೆಯಲ್ಲಿ ಸಾವಿರಾರು ಮೈಲಿ ನಡೆದು ಉತ್ತರದ ಪಂಜಾಬ್, ಕಾಶ್ಮೀರದವರೆಗೆ ಹೋದರು. ಝೇಲಂ ನದಿಯ ದಂಡೆಯಲ್ಲಿ ಚಳಿ ತಡೆಯಲಾರದೆ ಮರಳಿನಲ್ಲಿ ಗುಂಡಿ ತೋಡಿ, ಕತ್ತಿನವರೆಗೆ ಮರಳು ಮುಚ್ಚಿಕೊಂಡು ರಾತ್ರಿ ಕಳೆದರು. ನಂಬಿಕೆ ಹೋಗಿತ್ತು, ಆದರೆ ಅಭ್ಯಾಸ ಉಳಿದಿತ್ತು. ತಾಯಿ ಹೇಳಿಕೊಟ್ಟ ಶ್ಲೋಕಗಳು ನಾಲಿಗೆಯ ಮೇಲಿದ್ದವು. 1878ರಲ್ಲಿ ಕಲ್ಕತ್ತೆ ಮುಟ್ಟಿದಾಗ ಅಲ್ಲಿನ ವಿದ್ವಾಂಸರು ಇಪ್ಪತ್ತು ವರ್ಷದ ಈ ಹುಡುಗಿಯ ಸಂಸ್ಕೃತ ಕೇಳಿ ಬೆರಗಾಗಿ “ಪಂಡಿತಾ”, “ಸರಸ್ವತಿ” ಎಂಬ ಬಿರುದು ಕೊಟ್ಟರು.

ಬಿರುದು ಬಂದರೂ ದುಃಖ ಬಿಡಲಿಲ್ಲ. 1880ರಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ಜಾತಿ ಮೀರಿ ಮದುವೆಯಾದರು. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರಲ್ಲಿ ಕಾಲರಾ ಗಂಡನನ್ನು ಒಯ್ದಿತು. ವಯಸ್ಸು 23, ಕಂಕುಳಲ್ಲಿ ಕೂಸು, ತೌರುಮನೆ ಎಂಬುದಿಲ್ಲ. ಈ ಅಸ್ಸಾಂ ಕಡೆಯ ಸಂಸಾರದ ದಿನಗಳಲ್ಲೇ ಮನೆಯ ಪುಸ್ತಕಗಳ ನಡುವೆ ಬಂಗಾಳಿಯಲ್ಲಿದ್ದ ಲೂಕನ ಸುವಾರ್ತೆ ಅವರ ಕೈಗೆ ಸಿಕ್ಕಿತ್ತು. ಕುತೂಹಲದಿಂದ ಓದಿದ್ದರು. ಬೀಜ ಬಿದ್ದಿತ್ತು ಎನ್ನಬಹುದು, ಮೊಳಕೆ ಇನ್ನೂ ಕಂಡಿರಲಿಲ್ಲ.

ಅಲ್ಲಿಂದ ಪುಣೆಗೆ ಬಂದರು. ಆರ್ಯ ಮಹಿಳಾ ಸಮಾಜ ಕಟ್ಟಿದರು. ‘ಸ್ತ್ರೀ ಧರ್ಮನೀತಿ’ ಎಂಬ ಪುಸ್ತಕ ಬರೆದು, ಅದರಿಂದ ಬಂದ ಹಣದಲ್ಲಿ 1883ರಲ್ಲಿ ಮಗಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದರು. ವೈದ್ಯೆಯಾಗಬೇಕೆಂಬ ಆಸೆ ಇತ್ತು. ಆದರೆ ಕಿವಿ ಮಂದವಾಗುತ್ತಾ ಬಂದು ಆ ಬಾಗಿಲೂ ಮುಚ್ಚಿತು. ವಾಂಟೇಜ್ ಎಂಬ ಊರಿನ ಕ್ರೈಸ್ತ ಸೋದರಿಯರ ಮಠದಲ್ಲಿ ಆಶ್ರಯ. ಆ ಸೋದರಿಯರು ಲಂಡನ್ನಿನ ಫುಲಂ ಎಂಬಲ್ಲಿ, ಸಮಾಜ ತಳ್ಳಿಹಾಕಿದ ಹೆಣ್ಣುಮಕ್ಕಳಿಗಾಗಿ ಒಂದು ಮನೆ ನಡೆಸುತ್ತಿದ್ದರು. ರಮಾಬಾಯಿ ಅದನ್ನು ಹೋಗಿ ನೋಡಿದರು. “ಕೆಟ್ಟವಳು” ಎಂದು ಊರೇ ದೂರವಿಟ್ಟವರಿಗೆ ಊಟ ಬಡಿಸಿ, ಜೊತೆಗೆ ಕೂತು ಮಾತಾಡುವ ಹೆಂಗಸರನ್ನು ಕಂಡರು. ಏಕೆ ಹೀಗೆ ಮಾಡುತ್ತೀರಿ ಎಂದು ಕೇಳಿದಾಗ ಯೋಹಾನನ ಸುವಾರ್ತೆಯ 4ನೇ ಅಧ್ಯಾಯದ ಸಮಾರ್ಯದ ಸ್ತ್ರೀಯ ಕಥೆ ಅವರ ಎದುರಿಗೆ ಬಂತು. ಬಾವಿಯ ಬಳಿ ಯಾರೂ ಮಾತಾಡಿಸದ ಹೆಂಗಸಿನ ಹತ್ತಿರ ಯೇಸು ನೀರು ಕೇಳಿದ ಕಥೆ ಅದು. 1883ರ ಸೆಪ್ಟೆಂಬರ್ 29ರಂದು ರಮಾಬಾಯಿ ದೀಕ್ಷಾಸ್ನಾನ ಪಡೆದರು.

ಅವರ ಈ ನಿರ್ಧಾರದಿಂದ ಅಂದಿನ ಮಹಾರಾಷ್ಟ್ರದಲ್ಲಿ ದೊಡ್ಡ ಕೋಲಾಹಲವೇ ಆಯಿತು. ಅದನ್ನು ಒಪ್ಪುವುದು ಬಿಡುವುದು ಅವರವರಿಗೆ ಸೇರಿದ್ದು. ನಮಗೆ ಇಲ್ಲಿ ಮುಖ್ಯವಾದದ್ದು ಮುಂದಿನ ಎಂಟು ವರ್ಷ. ದೀಕ್ಷಾಸ್ನಾನ ಆದ ಕೂಡಲೇ ಎಲ್ಲ ಪ್ರಶ್ನೆಗಳೂ ಮುಗಿಯಲಿಲ್ಲ, ಹೆಚ್ಚಾದವು. ತ್ರಯೈಕ್ಯ ತತ್ವದ ಬಗ್ಗೆ, ಚರ್ಚಿನ ಅಧಿಕಾರದ ಬಗ್ಗೆ ಮಠದ ಸೋದರಿಯರೊಡನೆ ಅವರು ಪತ್ರಗಳಲ್ಲಿ ವಾದ ಮಾಡಿದ್ದಾರೆ. ಪುರೋಹಿತರ ಹಿಡಿತದಿಂದ ಬಿಡಿಸಿಕೊಂಡು ಬಂದವಳು ಇನ್ನೊಂದು ಹಿಡಿತಕ್ಕೆ ಕತ್ತು ಕೊಡುವುದಿಲ್ಲ ಎಂಬ ಹಟ ಆ ಪತ್ರಗಳಲ್ಲಿ ಕಾಣುತ್ತದೆ. ಆದರೂ ಓದುವುದನ್ನು ಬಿಡಲಿಲ್ಲ, ಪ್ರಾರ್ಥನೆ ಬಿಡಲಿಲ್ಲ, ಕೆಲಸ ಬಿಡಲಿಲ್ಲ. 1886ರಲ್ಲಿ ಅಮೆರಿಕಕ್ಕೆ ಹೋಗಿ, 1887ರಲ್ಲಿ ‘ದಿ ಹೈ ಕಾಸ್ಟ್ ಹಿಂದೂ ವುಮನ್’ ಎಂಬ ಪುಸ್ತಕ ಪ್ರಕಟಿಸಿದರು. ಅದನ್ನು ಅರ್ಪಿಸಿದ್ದು ತಾಯಿ ಲಕ್ಷ್ಮೀಬಾಯಿಯ ನೆನಪಿಗೆ. 1889ರಲ್ಲಿ ಮುಂಬಯಿಯ ಚೌಪಾಟಿ ಬಳಿ ವಿಧವೆಯರಿಗಾಗಿ ಶಾರದಾ ಸದನ ತೆರೆದು, ಮರುವರ್ಷ ಅದನ್ನು ಪುಣೆಗೆ ಸಾಗಿಸಿದರು. ಅಲ್ಲಿ ಆರಂಭದಲ್ಲೇ ಕಲಿತ ಗೋದೂಬಾಯಿ ಮುಂದೆ ಮಹರ್ಷಿ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾದರು. ಪುಣೆಯ ಕರ್ವೆ ರಸ್ತೆಯಲ್ಲಿ ಓಡಾಡುವ ನಮ್ಮ ಕೇಳುಗರಿಗೆ ಈ ಹೆಸರು ಹೊಸದಲ್ಲ.

1891ರ ಸುಮಾರಿಗೆ, ಅಂದರೆ ದೀಕ್ಷಾಸ್ನಾನವಾಗಿ ಎಂಟು ವರ್ಷದ ಮೇಲೆ, ತಾನು ಇಷ್ಟು ದಿನ ಕ್ರೈಸ್ತ ಮತವನ್ನು ಹಿಡಿದಿದ್ದೆ, ಕ್ರಿಸ್ತನನ್ನು ಹಿಡಿದಿರಲಿಲ್ಲ ಎಂಬ ಅರಿವು ಅವರಿಗಾಯಿತು. ಇದನ್ನೂ ಅವರೇ ಬರೆದಿಟ್ಟಿದ್ದಾರೆ. ಎಂಟು ವರ್ಷ! ನಮಗೆ ಎಂಟು ದಿನ ಪ್ರಾರ್ಥಿಸಿ ಮನಸ್ಸಿಗೆ ಏನೂ ಅನ್ನಿಸದಿದ್ದರೆ ಸಾಕು, ನನ್ನಲ್ಲಿ ನಂಬಿಕೆಯೇ ಇಲ್ಲ ಎಂದು ತೀರ್ಮಾನಿಸುತ್ತೇವೆ. ಅಷ್ಟು ಓದಿದ, ಅಷ್ಟು ನೊಂದ ಹೆಣ್ಣುಮಗಳಿಗೇ ಎಂಟು ವರ್ಷ ಬೇಕಾಯಿತು. ಆ ಎಂಟು ವರ್ಷ ದಂಡವಾಗಲಿಲ್ಲ. ಬಾವಿ ತೋಡುವವರಿಗೆ ಗೊತ್ತು, ನೀರು ಸಿಗದ ದಿನಗಳ ಅಗೆತವೂ ಅಗೆತವೇ. ಆ ದಿನ ಅಗೆಯದಿದ್ದರೆ ನೀರಿನ ದಿನ ಬರುವುದೇ ಇಲ್ಲ.

1893ರಲ್ಲಿ ಇನ್ನೊಂದು ಬಿರುಗಾಳಿ ಎದ್ದಿತು. ಶಾರದಾ ಸದನದಲ್ಲಿ ಮತದ ಒತ್ತಾಯವಿಲ್ಲ ಎಂದು ಮಾತು ಕೊಟ್ಟಿದ್ದರು. ಆದರೆ ರಮಾಬಾಯಿ ತಮ್ಮ ಕೋಣೆಯ ಬಾಗಿಲು ತೆರೆದಿಟ್ಟು ಪ್ರಾರ್ಥಿಸುತ್ತಿದ್ದರು, ಕೆಲವು ಹುಡುಗಿಯರು ಬಂದು ಕೂರುತ್ತಿದ್ದರು. ಇದು ಸರಿಯೇ ಎಂಬ ಪ್ರಶ್ನೆ ಎದ್ದು ಪತ್ರಿಕೆಗಳಲ್ಲಿ ಕಟು ಟೀಕೆ ಬಂತು. ನ್ಯಾಯಮೂರ್ತಿ ರಾನಡೆ, ಭಂಡಾರಕರ್ ಅವರಂಥ ಹಿತೈಷಿಗಳು ಸಲಹಾ ಮಂಡಳಿಯಿಂದ ಹೊರಬಂದರು. ಅನೇಕ ಹುಡುಗಿಯರನ್ನು ಮನೆಯವರು ಕರೆದುಕೊಂಡು ಹೋದರು. ಎರಡೂ ಕಡೆ ಅವರವರ ನ್ಯಾಯವಿತ್ತು. ಆದರೆ ಸದನದ ಬಾಗಿಲು ಮುಚ್ಚಲಿಲ್ಲ, ಬೆಳಗಿನ ಪ್ರಾರ್ಥನೆಯೂ ನಿಲ್ಲಲಿಲ್ಲ.

ಈಗ ಕೇಡಗಾಂವ್‌ಗೆ ಬರೋಣ. 1896ರಲ್ಲಿ ಮಧ್ಯ ಭಾರತದಲ್ಲಿ ಬರ ಬಿತ್ತು. ಸುದ್ದಿ ಕೇಳಿದಾಗ ರಮಾಬಾಯಿಯವರಿಗೆ ತಮ್ಮ ಹದಿನಾರರ ವಯಸ್ಸು ನೆನಪಾಗದೆ ಇದ್ದೀತೇ? ಎಲೆ ತಿಂದ ದಿನ, ತಾಯಿಯನ್ನು ಹೊತ್ತ ದಿನ. ಅವರು ಬರದ ಊರುಗಳಿಗೇ ಹೋಗಿ, ದಿಕ್ಕಿಲ್ಲದ ಹುಡುಗಿಯರನ್ನು, ಎಳೆಯ ವಿಧವೆಯರನ್ನು ನೂರಾರು ಸಂಖ್ಯೆಯಲ್ಲಿ ಕರೆತಂದರು. ಆಗ ಪುಣೆಯಲ್ಲಿ ಪ್ಲೇಗ್ ಹಾವಳಿ, ಊರೊಳಗೆ ಇವರನ್ನು ಇರಿಸಿಕೊಳ್ಳುವ ಹಾಗಿರಲಿಲ್ಲ. ಕೇಡಗಾಂವ್‌ನಲ್ಲಿ ಸದನಕ್ಕಾಗಿ ಕೊಂಡಿದ್ದ ಹೊಲವಿತ್ತು. ಅಲ್ಲಿಯೇ ಬಿಡಾರ ಹೂಡಿದರು. ಅದೇ ಮುಕ್ತಿ ಸದನ, ಮುಂದೆ ಮುಕ್ತಿ ಮಿಷನ್. 1900ರ ಹೊತ್ತಿಗೆ ಅಲ್ಲಿ 1,500 ಜನ ಇದ್ದರು.

ಅದೇ ಬರ, ಅದೇ ಹಸಿವು. ಮೊದಲ ಸಲ ಅದು ಅವರ ದೇವರನ್ನು ಕಸಿದುಕೊಂಡಿತ್ತು. ಎರಡನೆಯ ಸಲ ಅದು ಅವರನ್ನು ದೇವರ ಕೆಲಸಕ್ಕೆ ಎಬ್ಬಿಸಿತು. ವ್ಯತ್ಯಾಸ ಎಲ್ಲಿಂದ ಬಂತು? ಕಷ್ಟ ಬದಲಾಗಿರಲಿಲ್ಲ. ನಡುವಿನ ಇಪ್ಪತ್ತು ವರ್ಷ ಅವರನ್ನು ಬದಲಾಯಿಸಿತ್ತು. ತಮ್ಮ ನೋವು ಬೇರೆಯವರ ನೋವನ್ನು ಗುರುತಿಸುವ ಕಣ್ಣಾಗಿತ್ತು. ಬರೀ ಮರುಕವಾಗಿದ್ದರೆ ಅದು ಒಂದು ತಿಂಗಳಲ್ಲಿ ಆರಿಹೋಗುತ್ತಿತ್ತು. ಸಾವಿರಾರು ಜನಕ್ಕೆ ದಿನಾ ಅನ್ನ ಹಾಕಲು ಮರುಕದ ಜೊತೆಗೆ ನಿಯಮವೂ ಬೇಕು.

ಮುಕ್ತಿಯಲ್ಲಿ ಆ ನಿಯಮ ಇತ್ತು. ದಿನ ಪ್ರಾರ್ಥನೆಯಿಂದ ಶುರು, ಪ್ರಾರ್ಥನೆಯಿಂದ ಕೊನೆ. ನಡುವೆ ಓದು ಮತ್ತು ದುಡಿಮೆ. ಹೊಲದ ಕೆಲಸ, ದನಗಳ ಆರೈಕೆ, ಮಗ್ಗ, ಎಣ್ಣೆ ಗಾಣ, ಅಡುಗೆ, ಅಚ್ಚಿನ ಮನೆ. ಹಸಿವಿನಿಂದ ಕಂಗೆಟ್ಟು ಬಂದ ಮಕ್ಕಳಿಗೆ ಮೊದಮೊದಲು ಸಾಲಾಗಿ ಕೂರುವುದೂ ಗೊತ್ತಿರಲಿಲ್ಲ. ಇಂಥವರಿಗೆ ಉಪದೇಶಕ್ಕಿಂತ ಮೊದಲು ಬೇಕಾದದ್ದು ಹೊತ್ತು ಹೊತ್ತಿಗೆ ಊಟ, ಸ್ನಾನ, ಪಾಠ, ನಿದ್ದೆ. ನಾಳೆಯೂ ಇದು ಇರುತ್ತದೆ ಎಂಬ ಭರವಸೆ ಮಗುವಿಗೆ ಬಂದಾಗ ದೇವರ ಮೇಲಿನ ಭರವಸೆಗೂ ಒಂದು ಅರ್ಥ ಬರುತ್ತದೆ. ಕಣ್ಣು ಕಾಣದ ಹುಡುಗಿಯರಿಗೆ ಮಗಳು ಮನೋರಮಾ ತಾವೇ ಕಲಿತುಬಂದ ಬ್ರೈಲ್ ಲಿಪಿ ಕಲಿಸಿದರು.

ಈ ಗದ್ದಲದ ನಡುವೆಯೇ ರಮಾಬಾಯಿ ಇನ್ನೊಂದು ಕೆಲಸ ಹಿಡಿದರು. ಬೈಬಲ್ಲನ್ನು ಮೂಲದಿಂದ ಮರಾಠಿಗೆ ತರುವುದು. ಆಗ ಇದ್ದ ಮರಾಠಿ ಬೈಬಲ್ ತಮ್ಮ ಹಳ್ಳಿಯ ಹೆಣ್ಣುಮಕ್ಕಳಿಗೆ ಕಠಿಣ ಎನ್ನುವುದು ಅವರ ಅನುಭವ. ಅದಕ್ಕಾಗಿ ನಡುವಯಸ್ಸು ದಾಟಿದ ಮೇಲೆ ಹೀಬ್ರೂ, ಗ್ರೀಕ್ ಕಲಿತರು. ಹಗಲು ಆಶ್ರಮದ ನೂರು ಜವಾಬ್ದಾರಿ, ಕಿವಿ ಸರಿಯಾಗಿ ಕೇಳದು, ಆರೋಗ್ಯ ಇಳಿಮುಖ. ಆದರೂ ದಿನಕ್ಕೆ ಇಷ್ಟು ಎಂದು ಇಟ್ಟುಕೊಂಡು ಸುಮಾರು 18 ವರ್ಷ ಈ ಕೆಲಸ ನಡೆಸಿದರು. ಅಚ್ಚುಮೊಳೆ ಜೋಡಿಸಿದವರು, ಮುದ್ರಿಸಿದವರು ಮುಕ್ತಿಯ ಹೆಣ್ಣುಮಕ್ಕಳೇ.

ಇಲ್ಲಿ ಒಂದು ಮಾತು ಗಮನಿಸಬೇಕು. ಕಲ್ಕತ್ತೆಯ ಪಂಡಿತರಿಂದ ಬಿರುದು ಪಡೆದ ಸಂಸ್ಕೃತ ವಿದುಷಿ ಇವರು. ಬಯಸಿದ್ದರೆ ಗಟ್ಟಿ ಸಂಸ್ಕೃತ ಶಬ್ದಗಳನ್ನು ಸುರಿದು ಬರೆಯಬಹುದಿತ್ತು. ಆದರೆ ಅವರು ಆರಿಸಿಕೊಂಡದ್ದು ರೊಟ್ಟಿ ತಟ್ಟುವ ಹೆಂಗಸಿಗೆ ಅರ್ಥವಾಗುವ ಮರಾಠಿ. ನನ್ನ ಪಾಲಿಗೆ, ಅವರ ನಂಬಿಕೆ ಎಷ್ಟು ಬೆಳೆದಿತ್ತು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಬಿ.ಎ.ಯಲ್ಲಿ ಕನ್ನಡ ಓದಿ ಮೈಕಿನ ಮುಂದೆ ಕೂತವರಿಗೆ ಗೊತ್ತಿರುತ್ತದೆ, ಗೊತ್ತಿರುವ ದೊಡ್ಡ ಪದವನ್ನು ಬಳಸದೆ ಬಿಡುವುದು ಎಷ್ಟು ಕಷ್ಟ ಎಂದು! ಇನ್ನು ಆ 18 ವರ್ಷದ ತಾಳ್ಮೆ ಎಲ್ಲಿಂದ ಬಂತು ಎಂದರೆ, ಬೆಳಕು ಹರಿಯುವ ಮುಂಚೆ ತೊಡೆಯ ಮೇಲೆ ಕೂರಿಸಿಕೊಂಡು ದಿನಾ ಒಂದಿಷ್ಟು ಹೇಳಿಕೊಟ್ಟ ತಾಯಿಯಿಂದ ಎಂದೇ ಹೇಳಬೇಕು. ವ್ಯಾಕರಣಕ್ಕೆ ಪಳಗಿದ ಬುದ್ಧಿ ಹೀಬ್ರೂ ಕಲಿಯಿತು. ಸ್ವಲ್ಪ ಸ್ವಲ್ಪವಾಗಿ ದೊಡ್ಡದನ್ನು ಮುಟ್ಟುವ ಅಭ್ಯಾಸ ಬೈಬಲ್ಲನ್ನು ಮುಗಿಸಿತು.

ಕಲಬುರಗಿಯ ನಂಟು ಹೇಳುತ್ತೇನೆ ಎಂದಿದ್ದೆನಲ್ಲ. 1912ರಲ್ಲಿ ರಮಾಬಾಯಿ, ಆಗ ನಿಜಾಮರ ಸಂಸ್ಥಾನದಲ್ಲಿದ್ದ ಗುಲ್ಬರ್ಗದಲ್ಲಿ ಒಂದು ಕ್ರೈಸ್ತ ಹೈಸ್ಕೂಲು ತೆರೆದರು. ಅದರ ಮುಖ್ಯೋಪಾಧ್ಯಾಯಿನಿ ಮಗಳು ಮನೋರಮಾ. ಗಂಗಾಮೂಲದಲ್ಲಿ ಬೆತ್ತದ ಬುಟ್ಟಿಯಲ್ಲಿ ಹೊರಟ ಮಗು ಹೀಗೆ ಮತ್ತೆ ಕನ್ನಡ ನೆಲಕ್ಕೆ ಒಂದು ಶಾಲೆಯನ್ನು ಕೊಟ್ಟಿತು.

ಮನೋರಮಾ ತಾಯಿಯ ಬಲಗೈ. ಮುಂದೆ ಮುಕ್ತಿಯನ್ನು ನಡೆಸಬೇಕಾದವರು. ಆದರೆ 1921ರ ಜುಲೈಯಲ್ಲಿ, ನಲವತ್ತನೆಯ ವಯಸ್ಸಿನಲ್ಲಿ ಅವರೇ ಮೊದಲು ಹೊರಟುಹೋದರು. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ, ಈಗ ಮಗಳು. ಅರವತ್ತು ದಾಟಿದ, ಕಿವಿ ಕೇಳದ ಮುದುಕಿ. ಇನ್ನೇಕೆ ಬರೆಯುವುದು ಎಂದು ಲೇಖನಿ ಕೆಳಗಿಟ್ಟಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಬೈಬಲ್ ಅನುವಾದದ ಕೆಲಸ ಮುಂದುವರಿಸಿದರು. 1922ರ ಏಪ್ರಿಲ್ 5ರಂದು ತೀರಿಕೊಳ್ಳುವ ಹೊತ್ತಿಗೆ ಅನುವಾದ ಮುಗಿದಿತ್ತು. ಪೂರ್ತಿ ಬೈಬಲ್ 1924ರಲ್ಲಿ ಹೊರಬಂತು. ಮುಕ್ತಿ ಮಿಷನ್ ಇಂದಿಗೂ ಕೇಡಗಾಂವ್‌ನಲ್ಲಿ ನಡೆಯುತ್ತಿದೆ.

ಈಗ ನಮ್ಮ ಪ್ರಶ್ನೆಗೆ ಬರೋಣ. ಕಷ್ಟದಲ್ಲಿ ನಂಬಿಕೆ ಕುಗ್ಗಿದರೆ ತಪ್ಪು ನನ್ನದೇ? ಅಲ್ಲ ತಾಯಿ, ತಪ್ಪಲ್ಲ. ರಮಾಬಾಯಿಯವರದೂ ಕುಗ್ಗಿತ್ತು. ಬೈಬಲ್ಲಿನ ಯೋಬನದೂ ಕುಗ್ಗಿತ್ತು, ಅವನು ದೇವರನ್ನೇ ಎದುರು ನಿಂತು ಪ್ರಶ್ನಿಸಿದ. ಮನಸ್ಸಿಗೆ ಏನನ್ನಿಸುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ನಾಳೆ ಬೆಳಗ್ಗೆ ಎದ್ದು ಏನು ಮಾಡುತ್ತೇವೆ ಎಂಬುದು ಸ್ವಲ್ಪಮಟ್ಟಿಗಾದರೂ ನಮ್ಮ ಕೈಯಲ್ಲಿದೆ.

ನಮ್ಮ ವೃತ್ತಿಯಿಂದಲೇ ಒಂದು ಮಾತು ಹೇಳುತ್ತೇನೆ. ಬೆಳಗಿನ ಪಾಳಿ ಇದ್ದ ದಿನ ಉದ್ಘೋಷಕರು ಊರು ಏಳುವ ಮುಂಚೆ ಸ್ಟುಡಿಯೋದಲ್ಲಿರಬೇಕು. ಮನೆಯಲ್ಲಿ ಏನೇ ಇರಲಿ, ನೆಗಡಿಯಿರಲಿ, ಬೇಸರವಿರಲಿ, ಸರಿಯಾದ ನಿಮಿಷಕ್ಕೆ ಮೈಕ್ ತೆರೆದು “ನಮಸ್ಕಾರ” ಎನ್ನಬೇಕು. ಉತ್ಸಾಹ ಬಂದ ಮೇಲೆ ಹೇಳುತ್ತೇನೆ ಎಂದರೆ ಆಗದು. ಎಷ್ಟೋ ದಿನ ಮೊದಲು ನಮಸ್ಕಾರ ಬರುತ್ತದೆ, ಉತ್ಸಾಹ ಅದರ ಹಿಂದೆ ನಿಧಾನಕ್ಕೆ ಬರುತ್ತದೆ. ಕೆಲವು ದಿನ ಬರುವುದೇ ಇಲ್ಲ. ಆದರೂ ಎಲ್ಲೋ ಒಂದು ಅಡುಗೆಮನೆಯಲ್ಲಿ ಯಾರೋ ಒಬ್ಬರಿಗೆ ಆ ದಿನ ಶುರುವಾಗಿರುತ್ತದೆ. ಪ್ರಾರ್ಥನೆಯೂ ಬಹುಶಃ ಹೀಗೆಯೇ.

ಆದರೆ ನಿಯಮದಲ್ಲೂ ಒಂದು ಅಪಾಯವಿದೆ. ಅದು ಲೆಕ್ಕಾಚಾರವಾಗಬಾರದು. ಇಷ್ಟು ಉಪವಾಸ ಮಾಡಿದೆ, ಇಷ್ಟು ಓದಿದೆ, ಇನ್ನು ದೇವರು ಕೊಡಬೇಕು ಎಂಬ ವ್ಯಾಪಾರ ಮೊದಲ ಬರದಲ್ಲೇ ಮುರಿದುಬೀಳುತ್ತದೆ. ಫುಲಂನ ಆ ಮನೆಯಲ್ಲಿ ರಮಾಬಾಯಿ ಕಂಡದ್ದು ವ್ಯಾಪಾರವಲ್ಲ. ಪ್ರೀತಿ ದಿನಾ ಕೆಲಸ ಮಾಡುವ ರೀತಿಯನ್ನು ಅವರು ಅಲ್ಲಿ ಕಂಡರು. ನಿಯಮ ಪ್ರೀತಿಗೆ ದಾರಿಯಾಗಬೇಕು. ಇಲ್ಲದಿದ್ದರೆ ಅದು ಬರೀ ಗಡಿಯಾರ.

ಹಾಗಾದರೆ ಮಹಾನಗರದಲ್ಲಿ ನಮ್ಮಿಂದ ಏನಾದೀತು? ಬೆಳಗ್ಗೆ ನಲ್ಲಿ ನೀರು, ಡಬ್ಬಿ, ಮಕ್ಕಳ ಸ್ಕೂಲು, ಲೋಕಲ್ ಗಾಡಿ, ಸಂಜೆ ಮತ್ತೆ ಅದೇ. ಗಂಟೆಗಟ್ಟಲೆ ಧ್ಯಾನ ಮಾಡಿ ಎಂದು ಹೇಳಿದರೆ ನೀವು ನಗುತ್ತೀರಿ. ಹತ್ತು ನಿಮಿಷ ಸಾಕು, ಆದರೆ ದಿನವೂ ಒಂದೇ ಹೊತ್ತಿನಲ್ಲಿರಲಿ. ಒಂದು ಪುಟ ಸಾಕು, ಆದರೆ ಬಾಯಿಬಿಟ್ಟು, ನಮ್ಮ ಕನ್ನಡದಲ್ಲೇ ಓದೋಣ. ಅಳು ಬಂದರೆ ಅಳುವುದೂ ಪ್ರಾರ್ಥನೆಯೇ. ಮಾತು ಬಾರದಿದ್ದರೆ ಸುಮ್ಮನೆ ಕೂರುವುದೂ ಪ್ರಾರ್ಥನೆಯೇ. ಮಕ್ಕಳಿದ್ದರೆ ಜೊತೆಗೆ ಕೂರಿಸಿಕೊಳ್ಳಿ, ಗದರಿ ಬೇಡ, ಮುದ್ದಿನಿಂದ ಎಬ್ಬಿಸಿ. ಇನ್ನೊಂದು, ವಾರಕ್ಕೆ ಒಬ್ಬರನ್ನಾದರೂ ವಿಚಾರಿಸಿಕೊಳ್ಳಿ. ಆಸ್ಪತ್ರೆಯಲ್ಲಿರುವ ನೆರೆಯವರು, ಊರಿಂದ ಹೊಸದಾಗಿ ಬಂದು ದಿಕ್ಕು ತೋಚದ ಹುಡುಗ, ಮನೆಗೆಲಸಕ್ಕೆ ಬರುವ ಹೆಂಗಸು. ನಮ್ಮ ನೋವಿನಿಂದ ಹೊರಬರುವ ದಾರಿ ಎಷ್ಟೋ ಸಲ ಇನ್ನೊಬ್ಬರ ಮನೆಯ ಬಾಗಿಲಿನ ಮೂಲಕ ಹಾದುಹೋಗುತ್ತದೆ.

ಹತ್ತು ನಿಮಿಷದಿಂದ ಕಷ್ಟ ಕರಗಿಹೋಗುತ್ತದೆ ಎಂದು ನಾನು ಹೇಳಲಾರೆ. ರಮಾಬಾಯಿಯವರ ಕಷ್ಟ ಕೊನೆಯವರೆಗೂ ಕರಗಲಿಲ್ಲ. ಆದರೆ ಕಷ್ಟ ಬಂದ ದಿನ ಹಿಡಿದುಕೊಳ್ಳಲು ಒಂದು ಹಗ್ಗ ಅವರ ಕೈಯಲ್ಲಿತ್ತು. ಆ ಹಗ್ಗವನ್ನು ಅವರು ಕಷ್ಟದ ದಿನ ಹೊಸೆದದ್ದಲ್ಲ. ಸಾಮಾನ್ಯ ದಿನಗಳಲ್ಲಿ, ದಿನಕ್ಕೊಂದು ಎಳೆಯಂತೆ ಹೊಸೆದದ್ದು.

ಕ್ರೈಸ್ತ ಬಾಂಧವರಿಗೆ ಈ ವ್ರತದ ದಿನಗಳು ಶಾಂತಿ ತರಲಿ, ಈಸ್ಟರ್ ಹಬ್ಬ ಹೊಸ ಬಲ ತರಲಿ. ಉಳಿದ ನಮ್ಮೆಲ್ಲ ಕೇಳುಗರಿಗೂ ನಿಮ್ಮ ನಿಮ್ಮ ನಂಬಿಕೆಯ ದಾರಿಯಲ್ಲಿ ನಾಳೆಯ ಮುಂಜಾನೆ ಒಂದಿಷ್ಟು ಬಿಡುವು ಸಿಗಲಿ.